ಹತ್ತೇ ಚಿತ್ರಗಳ ಕ್ಯಾಮೆರಾ: ಇನ್‌ಸ್ಟಾಕ್ಸ್ ಮಿನಿ 12 ಜೊತೆಗಿನ ಒಂದು ವರ್ಷ

ಪದವಿಯ ಕೊನೆಯ ವರ್ಷದ ಆರಂಭದಲ್ಲಿ ನಾವು ಐವರು ಗೆಳತಿಯರು ಹಣ ಒಟ್ಟು ಹಾಕಿಕೊಂಡು, ತೆಗೆದ ಚಿತ್ರವನ್ನು ಅಲ್ಲೇ ಹಾಳೆಯ ಮೇಲೆ ಮೂಡಿಸಿ ಕೊಡುವ ಫ್ಯೂಜಿಫಿಲ್ಮ್ ಕಂಪನಿಯ ಇನ್‌ಸ್ಟಾಕ್ಸ್ ಮಿನಿ 12 ಕ್ಯಾಮೆರಾ ಕೊಂಡೆವು. ಐವರ ಕೈಯಲ್ಲೂ ಇದಕ್ಕಿಂತ ಎಷ್ಟೋ ಪಾಲು ಸ್ಪಷ್ಟವಾದ ಚಿತ್ರ ತೆಗೆಯಬಲ್ಲ ಫೋನುಗಳಿದ್ದವು. ಆದರೂ ಇದನ್ನು ಕೊಂಡದ್ದಕ್ಕೆ ಕಾರಣ, ವರ್ಷ ಮುಗಿಯುತ್ತಲೇ ಎಲ್ಲರೂ ಒಂದೊಂದು ದಿಕ್ಕಿಗೆ ಹೊರಡುವುದು ಖಚಿತವಾಗಿದ್ದುದು ಮತ್ತು ಅದುವರೆಗೆ ನಾವು ತೆಗೆದ ಸಾವಿರಾರು ಫೋಟೊಗಳಲ್ಲಿ ಒಂದನ್ನೂ ಯಾರೂ ಮತ್ತೆ ತೆರೆದು ನೋಡಿರಲಿಲ್ಲವೆಂಬುದು ಒಂದು ಸಂಜೆಯ ಹರಟೆಯಲ್ಲಿ ಹೊರಬಿದ್ದುದು. ಕೊಂಡ ದಿನವೇ ಒಂದು ನಿಯಮ ಮಾಡಿಕೊಂಡೆವು: ಚಿತ್ರ ಯಾರದೋ ಅದು ಅವರಿಗೇ ಸೇರಬೇಕು, ಗುಂಪಿನ ಚಿತ್ರವಾದರೆ ಮೊದಲು ಊರು ಬಿಡುವವಳಿಗೆ. ಈ ನಿಯಮದ ಪರಿಣಾಮವೇನಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಯಂತ್ರದ ವಿಷಯ. ಫಿಲ್ಮಿನ ಒಂದು ಕಟ್ಟಿನಲ್ಲಿ ಹತ್ತು ಹಾಳೆಗಳು ಬರುತ್ತವೆ. ಪ್ರತಿ ಹಾಳೆ 86 ಮಿಲಿಮೀಟರ್ ಉದ್ದ, 54 ಮಿಲಿಮೀಟರ್ ಅಗಲವಿದ್ದು, ಚಿತ್ರ ಮೂಡುವ ಜಾಗ 62 ಮತ್ತು 46 ಮಿಲಿಮೀಟರ್ ಮಾತ್ರ. ಪರ್ಸಿನಲ್ಲಿ ಎಟಿಎಂ ಕಾರ್ಡ್ ಇಡುವ ಜಾಗದಲ್ಲೇ ಇದೂ ಕೂರುತ್ತದೆ. ಗುಂಡಿ ಒತ್ತಿದ ಮೇಲೆ ಹಾಳೆ ಎರಡು ರೋಲರುಗಳ ನಡುವೆ ನುಸುಳಿ ಹೊರಬರುವಾಗ ಅದರ ಅಂಚಿನಲ್ಲಿ ಅಡಗಿರುವ ರಾಸಾಯನಿಕದ ಪೊಟ್ಟಣ ಒಡೆದು, ಲೇಪವು ಹಾಳೆಯ ಒಳಪದರಗಳ ನಡುವೆ ಸಮನಾಗಿ ಹರಡುತ್ತದೆ. ಚಿತ್ರ ತೊಳೆಯುವ ಕತ್ತಲ ಕೋಣೆಯ ಕೆಲಸವೆಲ್ಲ ಆ ತೆಳ್ಳನೆಯ ಹಾಳೆಯೊಳಗೇ ಸುಮಾರು ಒಂದೂವರೆ ನಿಮಿಷದಲ್ಲಿ ನಡೆದುಹೋಗುತ್ತದೆ. ತೆಗೆದ ಚಿತ್ರ ಈಗಲೇ ಏಕೆ ಕಾಣುವುದಿಲ್ಲವೆಂದು ಪುಟ್ಟ ಮಗಳು ಕೇಳಿದ ಪ್ರಶ್ನೆಯ ಬೆನ್ನು ಹತ್ತಿ ಎಡ್ವಿನ್ ಲ್ಯಾಂಡ್ 1947ರಲ್ಲಿ ಅಮೆರಿಕದಲ್ಲಿ ಇಂಥ ತತ್‌ಕ್ಷಣದ ಛಾಯಾಗ್ರಹಣವನ್ನು ಮೊದಲು ಪ್ರದರ್ಶಿಸಿದರು; ಅವರು ಕಟ್ಟಿದ ಪೋಲರಾಯ್ಡ್ ಕಂಪನಿ 2008ರಲ್ಲಿ ಈ ಫಿಲ್ಮಿನ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಸಾರಿತು. ಇನ್‌ಸ್ಟಾಕ್ಸ್ ಸರಣಿ 1998ರಲ್ಲಿ ಶುರುವಾದದ್ದು. ನಮ್ಮ ಮಾದರಿ 2023ರದು. ಹೊರಬಂದ ಹಾಳೆಯನ್ನು ಗಾಳಿಯಲ್ಲಿ ಬೀಸಿದರೆ ಚಿತ್ರ ಬೇಗ ಮೂಡುತ್ತದೆಂಬ ನಂಬಿಕೆಯೊಂದಿದೆ. ಒಣಗಬೇಕಾದದ್ದು ಹೊರಗೆ ಏನೂ ಇಲ್ಲದಿರುವುದರಿಂದ ಬೀಸಾಟದಿಂದ ಲಾಭವಿಲ್ಲ. ಹಾಳೆ ಬಳುಕಿ ಚಿತ್ರ ಕೆಡಬಹುದು, ಅಷ್ಟೆ.

ಬಳಸಲು ಕಲಿಯಬೇಕಾದದ್ದು ಬಹಳ ಕಡಿಮೆ. ಲೆನ್ಸಿನ ಉಂಗುರವನ್ನು ತಿರುಗಿಸಿದರೆ ಕ್ಯಾಮೆರಾ ಎಚ್ಚರಗೊಳ್ಳುತ್ತದೆ. ಇನ್ನೊಮ್ಮೆ ತಿರುಗಿಸಿದರೆ ಹತ್ತಿರದ ಚಿತ್ರಕ್ಕೆ ಸಿದ್ಧವಾಗುತ್ತದೆ. ಬೆಳಕಿನ ಲೆಕ್ಕವನ್ನೆಲ್ಲ ತಾನೇ ಮಾಡಿಕೊಳ್ಳುತ್ತದೆ. ಫಿಲ್ಮ್ ತುಂಬುವಾಗ ಕಟ್ಟಿನ ಮೇಲಿನ ಹಳದಿ ಗೆರೆ ಕ್ಯಾಮೆರಾದೊಳಗಿನ ಹಳದಿ ಗುರುತಿಗೆ ಸರಿಹೊಂದಬೇಕು, ಮುಚ್ಚಳ ಹಾಕಿ ಒಮ್ಮೆ ಗುಂಡಿ ಒತ್ತಿ ಫಿಲ್ಮಿನ ಮೇಲಿನ ಕಪ್ಪು ಹೊದಿಕೆಯ ಹಾಳೆಯನ್ನು ಹೊರಗೆ ಕಳಿಸಬೇಕು. ಆಗ ಹಿಂಬದಿಯ ಪುಟ್ಟ ಕಿಂಡಿಯಲ್ಲಿ 10 ಎಂಬ ಅಂಕೆ ಕಾಣುತ್ತದೆ, ಅಲ್ಲಿಂದ ಇಳಿಯೆಣಿಕೆ. ಅಂಕೆ ಸೊನ್ನೆಗೆ ಬರುವ ಮೊದಲು ಹಿಂಬದಿಯನ್ನು ತೆರೆಯಬಾರದೆಂಬ ಒಂದೇ ಒಂದು ಕಟ್ಟುನಿಟ್ಟಿನ ಸೂಚನೆಯನ್ನು ಎರಡನೆಯ ವಾರದಲ್ಲೇ ಮುರಿದವಳು ನಾನು. ಫಿಲ್ಮ್ ಸರಿಯಾಗಿ ಕೂತಿದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಇಣುಕಿ ನೋಡಿ, ತಕ್ಷಣ ಮುಚ್ಚಿ, ಯಾರಿಗೂ ಹೇಳದೆ ಸುಮ್ಮನಿದ್ದೆ. ಮರುದಿನ ತೆಗೆದ ಚಿತ್ರಗಳು ಒಂದರ ಹಿಂದೊಂದು ಬೆಳ್ಳಗೆ ಬಂದಾಗ ಹೇಳಲೇಬೇಕಾಯಿತು. ಅವುಗಳಲ್ಲಿ ಒಂದರ ಮೂಲೆಯಲ್ಲಿ ಮಾತ್ರ ಯಾರದೋ ಮೊಣಕೈ ಉಳಿದಿತ್ತು.

ಸುತ್ತಾಟಕ್ಕೆ ಇದು ಎಷ್ಟು ಸರಿ ಎಂದು ಕೇಳಿದರೆ, ಎಲ್ಲಿಗೆ ಹೋಗುತ್ತೀರಿ ಎಂಬುದಕ್ಕಿಂತ ಏನನ್ನು ನೋಡಲು ಹೋಗುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಕತ್ತಲಿರುವಾಗಲೇ ಎದ್ದು ಬೆಟ್ಟ ಹತ್ತಿ, ಮಂಜು ಸರಿದು ಕಣಿವೆ ಬಿಚ್ಚಿಕೊಳ್ಳುವ ಹೊತ್ತಿಗೆ ನೆತ್ತಿಯ ಮೇಲಿದ್ದ ನಾವು ಎರಡು ಹಾಳೆಗಳನ್ನು ಆ ನೋಟಕ್ಕೆ ಮೀಸಲಿಟ್ಟೆವು. ಬಂದದ್ದು ಬೂದುಬಣ್ಣದ ಎರಡು ಪಟ್ಟಿಗಳು. ಇಷ್ಟು ಚಿಕ್ಕ ಹಾಳೆಯಲ್ಲಿ ದೂರದ ಬೆಟ್ಟಸಾಲು ಒಂದು ಗೆರೆಯಷ್ಟೇ ಆಗುತ್ತದೆ. ಫ್ಲ್ಯಾಶ್ ಪ್ರತಿ ಸಲವೂ ತಾನಾಗಿಯೇ ಹೊಡೆಯುತ್ತದೆ, ನಿಲ್ಲಿಸುವ ಏರ್ಪಾಡಿಲ್ಲ, ಅದರ ಬೆಳಕಾದರೋ ಎರಡು ಮೀಟರಿನ ಆಸುಪಾಸಿಗೆ ಸೋತುಹೋಗುತ್ತದೆ. ಸಾಲದ್ದಕ್ಕೆ ಚಳಿ. ಐದು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ರಾಸಾಯನಿಕ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕಿಂತ ತುಸು ಮೇಲಿದ್ದರೂ ಬಣ್ಣಗಳು ಮಂಕಾಗಿ ನೀಲಿಗೆ ವಾಲುತ್ತವೆ. ಮೂರನೆಯ ಹಾಳೆಯನ್ನು, ಬೆಟ್ಟದ ಕಡೆ ಬೆನ್ನು ಮಾಡಿ ಬಂಡೆಗೊರಗಿ ಏದುಸಿರು ಬಿಡುತ್ತಿದ್ದ ಗೆಳತಿಯ ಮುಖಕ್ಕೆ ಹಿಡಿದೆವು. ಹೊರಬಂದ ಹಾಳೆಯನ್ನು ಅವಳೇ ಸ್ವೆಟರಿನೊಳಗೆ ಎದೆಗೆ ಒತ್ತಿಕೊಂಡು ಬೆಚ್ಚಗಿಟ್ಟಳು. ಆ ಚಿತ್ರದಲ್ಲಿ ಹಣೆಗೆ ಅಂಟಿದ ಕೂದಲಿನ ಎಳೆ, ಬಿಗಿಯಾಗಿ ಕಟ್ಟಿದ ಶೂ ಲೇಸು, ಅರ್ಧ ಸಿಟ್ಟು ಅರ್ಧ ನಗು ಎಲ್ಲವೂ ಇದ್ದವು. ಈ ಕ್ಯಾಮೆರಾ ಒಂದು ತೋಳಿನಳತೆಯಿಂದ ನಾಲ್ಕು ಹೆಜ್ಜೆಯೊಳಗಿನ ಲೋಕಕ್ಕೆ ಮಾಡಿದ್ದೆಂದು ಅಂದು ಅರ್ಥವಾಯಿತು, ಮತ್ತೆಂದೂ ಹಾಳೆಯನ್ನು ಕಣಿವೆಗೆ ದಂಡ ಮಾಡಲಿಲ್ಲ.

ರಾತ್ರಿಯ ಚಿತ್ರಗಳಿಗೆ ಒಂದು ಸೂಚನೆ: ಮಬ್ಬಿನಲ್ಲಿ ಶಟರ್ ಅರ್ಧ ಸೆಕೆಂಡಿನವರೆಗೂ ತೆರೆದಿರುವುದುಂಟು. ಫ್ಲ್ಯಾಶ್ ಹೊಡೆಯಿತೆಂದು ಕೈ ಇಳಿಸಿಬಿಟ್ಟರೆ ಹಿಂದಿನ ದೀಪಗಳು ಎಳೆದಂತಾಗುತ್ತವೆ.

ನನ್ನ ಮೆಚ್ಚುಗೆಯ ಬಹುಪಾಲು ಹತ್ತೆಂಬ ಆ ಸಂಖ್ಯೆಗೆ ಸಲ್ಲಬೇಕು. ಫಿಲ್ಮ್ ದುಬಾರಿಯೆನ್ನುವ ಆಕ್ಷೇಪ ನಿಜ. ಕ್ಯಾಮೆರಾಕ್ಕೆ ಒಮ್ಮೆ ಕೊಟ್ಟ ಹಣವನ್ನು ಮರೆಯಬಹುದು, ಹಾಳೆಗಳಿಗೆ ಕೊಡುತ್ತಲೇ ಇರುವ ಹಣವನ್ನು ಮರೆಯುವಂತಿಲ್ಲ. ಆದರೆ ಆ ಜಿಪುಣತನದಿಂದಲೇ ನಮ್ಮ ತಿರುಗಾಟಗಳಿಗೆ ಒಂದು ಹೊಸ ಬಗೆಯ ಜಗಳ ದೊರಕಿತು. ಇದು ಹಾಳೆಗೆ ಯೋಗ್ಯವೇ ಅಲ್ಲವೇ ಎಂಬ ಚರ್ಚೆ ದಾರಿಯುದ್ದಕ್ಕೂ ನಡೆಯುತ್ತಿತ್ತು: ತಪ್ಪಿಹೋದ ಬಸ್ಸಿನ ಹಿಂಬದಿ ಯೋಗ್ಯವೆಂದು ಬಹುಮತ ಬಂತು, ಯಾರದೋ ಹೊಸ ಕನ್ನಡಕಕ್ಕೆ ಬಹುಮತ ಸಿಗಲಿಲ್ಲ. ಫೋನಿನಲ್ಲಾದರೆ ಎರಡನ್ನೂ ತೆಗೆದು ಎರಡನ್ನೂ ಮರೆಯುತ್ತಿದ್ದೆವು. ತೆಗೆಯದೆ ಬಿಟ್ಟ ಆ ಕನ್ನಡಕ ಈಗಲೂ ನಮಗೆಲ್ಲ ನೆನಪಿರುವುದು ಆ ಜಗಳದಿಂದಾಗಿಯೇ.

ಇನ್ನು ಬೀಳ್ಕೊಡುಗೆಗಳು. ನಮ್ಮಲ್ಲಿ ಮೊದಲು ಹೊರಟವಳದು ರಾತ್ರಿಯ ರೈಲು. ಲಗೇಜು ಸೀಟಿನ ಕೆಳಗೆ ಸೇರಿ, ನೀರಿನ ಬಾಟಲಿ ಕೈ ಸೇರಿ, ಹೇಳುವುದೆಲ್ಲ ಮುಗಿದು, ರೈಲು ಮಾತ್ರ ಹೊರಡದೆ ಎಲ್ಲರೂ ಒಬ್ಬರನ್ನೊಬ್ಬರು ನೋಡುತ್ತ ನಿಲ್ಲುವ ಮುಜುಗರದ ಹೊತ್ತಿನಲ್ಲಿ ಕ್ಯಾಮೆರಾ ನೆನಪಾಯಿತು. ಮುಂಬದಿಯ ಪುಟ್ಟ ಕನ್ನಡಿಯಲ್ಲಿ ಐದು ಮುಖಗಳನ್ನೂ ತುರುಕಿಕೊಂಡು, ನಾನೇ ಕೈ ಚಾಚಿ ಗುಂಡಿ ಒತ್ತಿದೆ. ಹಾಳೆ ಹೊರಬರುವುದಕ್ಕೂ ರೈಲು ಅಲುಗುವುದಕ್ಕೂ ಸರಿಹೋಯಿತು. ನಿಯಮದಂತೆ ಅದನ್ನು ಕಿಟಕಿಯ ಸರಳುಗಳ ನಡುವಿನಿಂದ ಅವಳ ಕೈಗೆ ತುರುಕಿದೆವು, ಇನ್ನೂ ಏನೂ ಮೂಡಿರದ ಬಿಳಿ ಹಾಳೆಯನ್ನು. ನಾವು ಪ್ಲಾಟ್‌ಫಾರ್ಮಿನ ಮೆಟ್ಟಿಲು ಹತ್ತುತ್ತಿದ್ದಾಗ ಸಂದೇಶ ಬಂತು: "ಬಂತು. ನಿನ್ನ ಕಣ್ಣು ಮುಚ್ಚಿದೆ." ಒಂದೂವರೆ ನಿಮಿಷದ ಕಾಯುವಿಕೆ ಈ ಯಂತ್ರದ ಕೊರತೆಯೆಂದು ಅದುವರೆಗೆ ನಾನು ವಾದಿಸುತ್ತಿದ್ದೆ. ಆ ರಾತ್ರಿಯಿಂದ ಬಿಟ್ಟಿದ್ದೇನೆ.

ಕೊಳ್ಳುವವರಿಗೆ ಒಂದಿಷ್ಟು ಬಳಕೆಯ ಮಾತು. ಎರಡು ಎಎ ಬ್ಯಾಟರಿಗಳು ಸುಮಾರು ನೂರು ಚಿತ್ರಗಳಿಗೆ ಸಾಕಾಗುತ್ತವೆ. ವಿಮಾನ ಹತ್ತುವವರು ಫಿಲ್ಮನ್ನು ಲಗೇಜಿನ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲಿಟ್ಟುಕೊಂಡು, ತಪಾಸಣೆಯ ಯಂತ್ರಕ್ಕೆ ಹಾಕದೆ ಕೈಯಿಂದಲೇ ಪರೀಕ್ಷಿಸುವಂತೆ ಕೇಳಿಕೊಳ್ಳುವುದು ಒಳ್ಳೆಯದು. ಐಎಸ್‌ಒ 800ರಷ್ಟು ಬೆಳಕಿಗೆ ಸೂಕ್ಷ್ಮವಾದ ಫಿಲ್ಮಿಗೆ ಎಕ್ಸ್‌ರೇ ತಾಗಿದರೆ ಮಬ್ಬು ಕವಿಯಬಹುದು. ಬಿಸಿಲಿನಲ್ಲಿ ನಿಂತ ವಾಹನದೊಳಗೆ ಕ್ಯಾಮೆರಾ ಬಿಡಬೇಡಿ. ಬಿಳಿ ಅಂಚು ಬೇಡವೆಂದು ಹಾಳೆಯನ್ನು ಕತ್ತರಿಸುವುದಂತೂ ಕೂಡದು, ಒಳಗಿರುವ ಲೇಪ ಚರ್ಮಕ್ಕೆ ಹಾನಿಕಾರಕ. ಒಂದೇ ಚಿತ್ರದ ಪ್ರತಿಗಳು ಹಲವರಿಗೆ ಬೇಕೆನ್ನುವವರು ಇದನ್ನು ಬಿಟ್ಟು, ಫೋನಿನ ಚಿತ್ರಗಳನ್ನು ಇದೇ ಹಾಳೆಯ ಮೇಲೆ ಮುದ್ರಿಸುವ ಮಿನಿ ಲಿಂಕ್ ಪ್ರಿಂಟರನ್ನು ಕೊಳ್ಳುವುದು ಜಾಣತನ. ನನಗೆ ಮಾತ್ರ ಅದು ರುಚಿಸುವುದಿಲ್ಲ. ಎಷ್ಟು ಬೇಕಾದರೂ ಮುದ್ರಿಸಬಹುದೆಂದಾದರೆ ಕಿಟಕಿಯ ಸರಳುಗಳ ನಡುವೆ ಕೈ ತುರುಕುವ ಅವಸರವೆಲ್ಲಿ ಉಳಿಯುತ್ತದೆ?

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ನಿಲ್ಲಿಸಲಾಗದ ಫ್ಲ್ಯಾಶಿಗಾಗಿ ಒಂದು ಕಳೆದಿದ್ದೇನೆ. ಕೋಣೆ ಖಾಲಿ ಮಾಡಿದವರಲ್ಲಿ ನಾನೇ ಕೊನೆಯವಳಾದ್ದರಿಂದ ಕ್ಯಾಮೆರಾ ನನ್ನ ಪಾಲಿಗೆ ಬಂತು, ಗುಂಪಿನ ಚಿತ್ರಗಳೆಲ್ಲ ಅದೇ ನಿಯಮದ ದೆಸೆಯಿಂದ ಉಳಿದ ನಾಲ್ವರ ಪಾಲಾದವು. ಆಗಾಗ ಅವರು ಆ ಹಾಳೆಗಳನ್ನು ಫೋನಿನಲ್ಲಿ ಹಿಡಿದು ಕಳಿಸುತ್ತಾರೆ. ಟ್ಯೂಬ್‌ಲೈಟಿನ ಬೆಳಕು ಯಾರಾದರೊಬ್ಬರ ಮುಖದ ಮೇಲೆಯೇ ಬಿದ್ದಿರುತ್ತದೆ. ನನ್ನ ಮೇಜಿನ ಮೇಲಿರುವುದು ಮೊಣಕೈಯ ಚಿತ್ರವೊಂದೇ. ಅದು ತನ್ನದೆಂದು ಐವರಲ್ಲಿ ಒಬ್ಬರೂ ಇದುವರೆಗೆ ಒಪ್ಪಿಕೊಂಡಿಲ್ಲ.