ಕಾರವಾರದ ಮಳೆಗಾಲಕ್ಕೆ ವ್ಯಾಕ್ಯೂಮ್ ಸೀಲರ್: ಯಾವುದಕ್ಕೆ ಸೈ, ಯಾವುದಕ್ಕೆ ಬೇಡ

ಕರಾವಳಿಯವರು ವ್ಯಾಕ್ಯೂಮ್ ಸೀಲಿಂಗ್ ಮಷಿನ್ ತಗೊಳ್ಳುವ ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕು: ಅದು ಚೀಲದೊಳಗಿನ ಗಾಳಿ ತೆಗೆದು ಬಾಯಿ ಅಂಟಿಸುತ್ತದೆ, ತೇವ ತೆಗೆಯುವುದಿಲ್ಲ. ಬಿಸಿಲಲ್ಲಿ ಸರಿಯಾಗಿ ಒಣಗಿದ್ದಕ್ಕೆ, ಫ್ರೀಜರಿಗೆ ಹೋಗುವುದಕ್ಕೆ ಇದು ಬಹಳ ಒಳ್ಳೆಯದು. ಅರೆಬರೆ ಒಣಗಿದ್ದನ್ನು ಹಾಕಿದರೆ ಚೀಲದೊಳಗೇ ಹಾಳಾಗುತ್ತದೆ.

ನನ್ನದು ಮೂರು ಸಾವಿರದೊಳಗೆ ಸಿಕ್ಕಿದ್ದು, ಚೀಲದ ಬಾಯಿ ಕಚ್ಚಿ ಹಿಡಿದು ಗಾಳಿ ಎಳೆಯುವ ಮಾದರಿ. ಒಂದು ಪೂರ್ತಿ ಮಳೆಗಾಲ ಬಳಸಿಯೇ ಬರೆಯುತ್ತಿದ್ದೇನೆ.

ಮೊದಲು ಮೀನಿನ ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಪೇಟೆಯಲ್ಲಿ ಸಿಗುವುದು ಹೆಚ್ಚಾಗಿ ಐಸಿನ ಮೀನು, ದರವೂ ಏರಿರುತ್ತದೆ. ಹಾಗಾಗಿ ಮೇ ಕೊನೆಗೆ ಇಸ್ವಾಣ (ಅಂಜಲ್ ಮೀನು) ತಂದು, ತುಂಡು ಮಾಡಿಸಿ, ತೊಳೆದು, ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ತೆಗೆದೆ. ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರಿನಲ್ಲಿ ಕಲ್ಲಿನ ಹಾಗೆ ಗಟ್ಟಿಯಾದ ಮೇಲೆಯೇ ಸೀಲ್ ಮಾಡಿದ್ದು. ಹಸಿ ತುಂಡನ್ನೇ ಹಾಕಿದರೆ ಮಷಿನ್ ಮೀನಿನ ನೀರನ್ನೂ ಎಳೆಯುತ್ತದೆ; ಬಾಯಿ ಒದ್ದೆಯಾದರೆ ಪ್ಲಾಸ್ಟಿಕ್ ಅಂಟುವುದಿಲ್ಲ. ಮೊದಲೆಲ್ಲ ಮಾಮೂಲಿ ಕವರಿನಲ್ಲಿ ಕಟ್ಟಿಟ್ಟ ಇಸ್ವಾಣದ ಅಂಚು ಬೆಳ್ಳಗಾಗಿ, ಹುರಿದಾಗ ನಾರು ನಾರಾಗುತ್ತಿತ್ತು. ಈ ಸಲ ಜುಲೈನಲ್ಲಿ ರವೆ ಹಚ್ಚಿ ಹುರಿದ ತುಂಡು ಅಂಚಿನವರೆಗೂ ಮೆತ್ತಗಿತ್ತು. ಬಂಗಡೆಗೂ ಉಪಯೋಗವಿದೆ. ಅದರ ಎಣ್ಣೆಗೆ ಗಾಳಿ ತಾಗಿಯೇ ಕಮಟು ವಾಸನೆ ಬರುವುದು. ಆದರೂ ಇಸ್ವಾಣದಷ್ಟು ದಿನ ಇಡಬೇಡಿ.

ಇಲ್ಲೊಂದು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತಗೋಬೇಡಿ. ಫ್ರೀಜರಿನಿಂದ ತೆಗೆದ ಮೀನಿನ ಚೀಲವನ್ನು ಕತ್ತರಿಸಿ, ಬೇರೆ ಪಾತ್ರೆಗೆ ಹಾಕಿ, ಫ್ರಿಜ್ಜಿನ ಕೆಳಗಿನ ಭಾಗದಲ್ಲಿಟ್ಟು ಕರಗಿಸಿ. ಸೀಲ್ ಹಾಗೇ ಇಟ್ಟು ಕರಗಿಸಬಾರದು. ಗಾಳಿಯಿಲ್ಲದ ಕಡೆಯೇ ಬೆಳೆಯುವ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾ ಇದೆ. ಅದರ ಕೆಲವು ಜಾತಿ ಫ್ರಿಜ್ಜಿನ ತಂಪಿನಲ್ಲೂ ವಿಷ ಉಂಟುಮಾಡಬಲ್ಲವು. ವಾಸನೆ ನೋಡಿ ಅದನ್ನು ಕಂಡುಹಿಡಿಯಲಾಗುವುದಿಲ್ಲ. ಮಾಡಿದ ಸಾರು, ಪಲ್ಯ, ಸುಲಿದ ಬೆಳ್ಳುಳ್ಳಿಯನ್ನು ಸೀಲ್ ಮಾಡಿ ಕಟ್ಟೆಯ ಮೇಲೆ ಇಡಬಾರದು ಎನ್ನುವುದೂ ಇದೇ ಕಾರಣಕ್ಕೆ.

ಒಣಮೀನಿಗೆ ಮಷಿನ್ ಸೈ, ಚೀಲದ್ದೇ ತಕರಾರು. ಒಣ ಸಿಗಡಿಯ ಮೂತಿಯ ಮುಳ್ಳು ಸೂಜಿಯಷ್ಟು ಚೂಪು. ಗಾಳಿ ಎಳೆದು ಚೀಲ ಬಿಗಿಯುತ್ತಿದ್ದ ಹಾಗೆ ಅದು ತೂತು ಕೊರೆಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮರುದಿನ ಚೀಲ ಸಡಿಲಾದಾಗಲೇ ಗೊತ್ತಾಗುವುದು. ದಪ್ಪ ಬಿಳಿ ಕಾಗದದಲ್ಲಿ ಪೊಟ್ಟಣ ಕಟ್ಟಿ ಹಾಕಿದರೆ ನಿಲ್ಲುತ್ತದೆ. ಒಣ ಬಂಗಡೆಯ ಬಾಲ, ರೆಕ್ಕೆ ಕತ್ತರಿಯಲ್ಲಿ ತೆಗೆಯಿರಿ. ಬೆಂಗಳೂರಿನ ಮಗಳಿಗೆ ರಾತ್ರಿ ಬಸ್ಸಿನಲ್ಲಿ ಒಣಮೀನು ಕಳಿಸಲು ಈಗ ನನಗೆ ಸಂಕೋಚವೇ ಇಲ್ಲ, ಬ್ಯಾಗಿನ ಬಟ್ಟೆಗೆ ವಾಸನೆ ಹತ್ತುವುದಿಲ್ಲ.

ಶಿರಸಿಯಿಂದ ಬರುವ ಹಲಸಿನಕಾಯಿ ಹಪ್ಪಳಕ್ಕೆ ಪೂರ್ತಿ ಗಾಳಿ ಎಳೆಯಬೇಡಿ, ಅಂಚು ಪುಡಿಯಾಗುತ್ತದೆ. ಚೀಲ ಹಪ್ಪಳದ ಕಟ್ಟಿಗೆ ಅಂಟುತ್ತಿದ್ದಂತೆ ‘ಸೀಲ್’ ಗುಂಡಿ ಒತ್ತಿ. ಆಗಸ್ಟಿನ ಜಡಿಮಳೆಯಲ್ಲೂ ಕರಿದಾಗ ಚೆನ್ನಾಗಿ ಅರಳಿದವು, ಮುಗ್ಗಲು ವಾಸನೆ ಇರಲಿಲ್ಲ. ಈ ಒಂದು ಕೆಲಸಕ್ಕೇ ಮಷಿನಿಗೆ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿತು. ಗೋಡಂಬಿ, ಕಾಳುಮೆಣಸು, ಏಲಕ್ಕಿಯನ್ನು ಯೋಚಿಸದೆ ಸೀಲ್ ಮಾಡಬಹುದು. ಅಂಕೋಲೆಯ ಈಶಾಡು ಮಾವಿನ ಹಣ್ಣಿನ ರಸವನ್ನು ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿ ಆ ಗಟ್ಟಿಯನ್ನು ಸೀಲ್ ಮಾಡಬಹುದು. ಕುಮಟೆ ಈರುಳ್ಳಿಗೆ ಮಾತ್ರ ಬೇಡವೇ ಬೇಡ: ಅದಕ್ಕೆ ಗಾಳಿ ಆಡಬೇಕು, ಗೊಂಚಲು ಕಟ್ಟಿ ತೂಗುಹಾಕುವುದೇ ಸರಿ.

ಮಷಿನಿನ ಕೊರತೆಯೆಂದರೆ, ಸಾಲಾಗಿ ಸೀಲ್ ಮಾಡುತ್ತ ಹೋದರೆ ಬಿಸಿಯಾಗಿ ನಿಂತುಬಿಡುತ್ತದೆ, ಆರಲು ಬಿಡಬೇಕು. ಖರ್ಚು ಇರುವುದು ಚೀಲದಲ್ಲಿ. ಈ ಮಾದರಿಗೆ ಒಳಮೈ ತರಿತರಿಯಾಗಿರುವ ಚೀಲವೇ ಬೇಕು. ನುಣುಪಾದ ಕವರಿನಲ್ಲಿ ಗಾಳಿ ಹೊರಬರಲು ದಾರಿಯೇ ಇರುವುದಿಲ್ಲ. ರೋಲ್ ತಗೊಂಡು ಬೇಕಾದ್ದಕ್ಕಿಂತ ನಾಲ್ಕು ಬೆರಳು ಉದ್ದ ಕತ್ತರಿಸಿದರೆ, ಹಪ್ಪಳದ ಚೀಲವನ್ನು ತೆರೆದು ಮತ್ತೆ ಸೀಲ್ ಮಾಡಬಹುದು. ಹಸಿ ಮೀನು ಹಾಕಿದ ಚೀಲವನ್ನು ತೊಳೆದು ಮತ್ತೆ ಬಳಸಬೇಡಿ.