ಮೊಳೆ, ಸ್ಕ್ರೂ, ಟೀ-ನಟ್, ಮರಳು ಚೀಲ: ಸ್ಟೇಜಿನ ನೆಲಕ್ಕೆ ಯಾವುದು ಒಳ್ಳೆಯದು?

ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ ತುಮಕೂರು ಸೀಮೆಯಲ್ಲಿ ಪೌರಾಣಿಕ ನಾಟಕದ ಸೀನರಿ ಎಂದರೆ ಇಂದಿಗೂ ಹೆಚ್ಚಾಗಿ ಪರದೆ. ಅದು ಮೇಲಿಂದ ಇಳಿಬೀಳುತ್ತದೆ, ನೆಲದ ತಂಟೆಗೆ ಬರುವುದಿಲ್ಲ. ತಕರಾರು ಶುರುವಾಗುವುದು ಬಾಗಿಲು, ಕಿಟಕಿ, ಗೋಡೆ ಬೇಕಾದ ಸಾಮಾಜಿಕ ನಾಟಕಕ್ಕೆ. ಎಂಟಡಿ ಎತ್ತರದ ಫ್ಲಾಟು, ಅಂದರೆ ಗೋಡೆಯಂತೆ ಕಾಣುವ ಸೆಟ್ಟಿನ ಚೌಕಟ್ಟು, ಅಲ್ಲಾಡದೆ ನಿಲ್ಲಬೇಕು. ಮರುದಿನ ಅದೇ ನೆಲದ ಮೇಲೆ ಭರತನಾಟ್ಯದ ಮಕ್ಕಳು ಬರಿಗಾಲಲ್ಲಿ ಕುಣಿಯಬೇಕು. ಆದ್ದರಿಂದ ಎಷ್ಟು ಬಿಗಿ ಹಿಡಿಯುತ್ತದೆ ಎನ್ನುವುದಕ್ಕಿಂತ, ಬಿಚ್ಚಿದ ಮೇಲೆ ಏನು ಉಳಿಯುತ್ತದೆ ಎಂಬುದರ ಮೇಲೆ ಫ್ಲಾಟು ನಿಲ್ಲಿಸುವ ಈ ದಾರಿಗಳನ್ನು ತೂಗಿದ್ದೇವೆ. ಅಳತೆಗಳೆಲ್ಲ 19 ಮಿ.ಮೀ. ಪ್ಲೈ ಹೊದಿಸಿದ ನೆಲದ್ದು.

ಮೊಳೆ ಅಗ್ಗ, ಕೆಲಸವೂ ಬೇಗ. ಹಾಳಾಗುವುದು ಹೊಡೆಯುವಾಗಲ್ಲ, ಕೀಳುವಾಗ. ಸುತ್ತಿಗೆಯ ಕೊಂಡಿ ಒಂದೇ ಕಡೆ ಒತ್ತಿ ಪ್ಲೈನ ಮೇಲ್ಪದರ ಎದ್ದು ಸಿಬಿರಾಗುತ್ತದೆ. ಮೊಳೆ ಹೊಡೆಯಲೇಬೇಕಿದ್ದರೆ ತಲೆ ಕಾಲಿಂಚು ಮೇಲೆ ಉಳಿಯಲಿ, ಕೀಳುವಾಗ ಕೊಂಡಿಯ ಕೆಳಗೆ ಪ್ಲೈ ತುಂಡು ಇಡಿ. ನಮ್ಮ ಮಟ್ಟಿಗೆ ಇದು ಕೊನೆಯ ಆಯ್ಕೆ.

ಸ್ಕ್ರೂಗಳಲ್ಲಿ ಕಪ್ಪು ಡ್ರೈವಾಲ್ ಸ್ಕ್ರೂ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಎಲ್ಲರೂ ಅದನ್ನೇ ತರುತ್ತಾರೆ. ಬೇಡ. ಅದರ ಉಕ್ಕು ಪೆಡಸು. ಫ್ಲಾಟಿಗೆ ಪಕ್ಕದಿಂದ ಪೆಟ್ಟು ಬಿದ್ದರೆ ತಲೆ ಮುರಿದು, ಕಾಂಡ ನೆಲದಲ್ಲೇ ಕೂತು ಅಂಗಾಲು ಸೀಳುತ್ತದೆ. 8 ನಂಬರಿನ, ಅಂದರೆ ಸುಮಾರು 4 ಮಿ.ಮೀ. ದಪ್ಪದ, ಸತು ಲೇಪಿಸಿದ ಮರದ ಸ್ಕ್ರೂ ಒಳ್ಳೆಯದು. ಒಂದಿಂಚು ದಪ್ಪದ ರೀಪರನ್ನು, ಅಂದರೆ ಮರದ ಪಟ್ಟಿಯನ್ನು, ಕೂರಿಸಲು 40 ಮಿ.ಮೀ. ಉದ್ದ ಸಾಕು, 15 ಮಿ.ಮೀ. ಪ್ಲೈಯೊಳಗೆ ಇಳಿಯುತ್ತದೆ. 50 ಮಿ.ಮೀ. ಹಾಕಿದರೆ ಮೊನೆ ಕೆಳಗೆ ಇಣುಕಿ, ಸ್ಟೇಜಿನಡಿ ವೈರ್ ಎಳೆಯುವವರ ಕೈ ಕುಯ್ಯುತ್ತದೆ. ರೀಪರಿಗೆ 4.5 ಮಿ.ಮೀ., ನೆಲಕ್ಕೆ 2.5 ಮಿ.ಮೀ. ಬಿಟ್‌ನಲ್ಲಿ ಮೊದಲೇ ತೂತು ಕೊರೆಯಿರಿ. ರೀಪರಿನ ತೂತು ಸಣ್ಣದಾದರೆ ಸ್ಕ್ರೂನ ಮರೆ (ಸುತ್ತುಗೆರೆ) ಎರಡೂ ಮರಗಳನ್ನು ಕಚ್ಚಿಕೊಂಡು ನಡುವೆ ಸಂದು ಉಳಿಸುತ್ತದೆ. ಎಷ್ಟು ತಿರುಗಿಸಿದರೂ ಬಿಗಿಯಾಗದು. ಮುಂದಿನ ಪ್ರದರ್ಶನಕ್ಕೆ ಹಳೇ ತೂತಿನಿಂದ ಎರಡಿಂಚು ಸರಿದು ಹಾಕಿ. ಸಡಿಲಾದ ತೂತಿಗೆ ಮರದ ಪುಡಿ ಮತ್ತು ಫೆವಿಕಾಲ್ ಕಲಸಿ ತುಂಬುವುದು ನೋಟಕ್ಕಷ್ಟೇ, ಅದು ಸ್ಕ್ರೂ ಹಿಡಿಯುವುದಿಲ್ಲ. ಅಂಟು ಸವರಿದ ಬಿದಿರಿನ ಕಡ್ಡಿ ಬಡಿದು, ಒಂದು ದಿನ ಒಣಗಿಸಿ, ಉಳಿಯಿಂದ ಸಮಮಾಡಿ, ಮ್ಯಾಟ್ ಕಪ್ಪು ಬಳಿಯಿರಿ.

ಮರಳು ಚೀಲ ಮತ್ತು ಬ್ರೇಸ್ (ಫ್ಲಾಟಿಗೆ ಹಿಂದಿನಿಂದ ಕೊಡುವ ಆಸರೆ) ನೆಲಕ್ಕೆ ಏನೂ ಮಾಡುವುದಿಲ್ಲ, ಆದರೆ ಲೆಕ್ಕ ತಪ್ಪಿದರೆ ಫ್ಲಾಟು ಮಲಗುತ್ತದೆ. ತ್ರಿಕೋನ ಬ್ರೇಸಿನ ಬಾಲದ ತುದಿ ಫ್ಲಾಟಿನಿಂದ ನಾಲ್ಕಡಿ ಹಿಂದಿದ್ದು, ಅಲ್ಲಿ 20 ಕಿಲೋ ಇಟ್ಟರೆ ಎಂಟಡಿ ಮೇಲೆ ಮುಂದಕ್ಕೆ ಎಳೆಯುವ ಸುಮಾರು 10 ಕಿಲೋ ಬಲವನ್ನು ತಡೆಯುತ್ತದೆ. ವಿಂಗ್‌ನಲ್ಲಿ, ಅಂದರೆ ಸ್ಟೇಜಿನ ಪಕ್ಕದ ಮರೆಯಲ್ಲಿ, ಜಾಗವಿಲ್ಲವೆಂದು ಬಾಲವನ್ನು ಎರಡಡಿಗೆ ಕತ್ತರಿಸಿದರೆ ತಡೆ ಐದೇ ಕಿಲೋ. ಚೀಲವನ್ನು ಬ್ರೇಸಿನ ನಡುವೆ ಇಡುವುದೂ ಅದೇ ತಪ್ಪು. ಹಿಂದಕ್ಕೆ ನೂಕಿದರೆ ಜಾರುವ ಗುಣ ಬ್ರೇಸಿಗುಂಟು. ಬಾಲದಡಿ ಹಳೇ ಸೈಕಲ್ ಟ್ಯೂಬಿನ ತುಂಡು ಅಂಟಿಸಿದರೆ ಕಚ್ಚುತ್ತದೆ. ಚೀಲಕ್ಕೆ ತುಂಬಿದ ಎಂ-ಸ್ಯಾಂಡ್ ನುಣುಪು ಧೂಳು ಸುರಿಸುತ್ತದೆ, ಒಳಗೆ ಪ್ಲಾಸ್ಟಿಕ್ ಕವರ್ ಇರಲಿ.

ಬಾಗಿಲ ಚೌಕಟ್ಟಿಗೆ ಮಾತ್ರ ಚೀಲ ಸಾಲದು. ಪಾತ್ರಧಾರಿ ಸಿಟ್ಟಿನಿಂದ ಬಾಗಿಲು ಬಡಿದರೆ ಗೋಡೆಯೂ ನಡುಗುತ್ತದೆ. ಅಲ್ಲಿ ಎಂ-10 ಟೀ-ನಟ್ (10 ಮಿ.ಮೀ. ಬೋಲ್ಟಿಗೆ ಹೊಂದುವ, ಮರಕ್ಕೆ ಕಚ್ಚುವ ಹಲ್ಲಿರುವ ನಟ್ಟು) ನಮಗೆ ಹಿಡಿಸಿತು: ಅದರ ಕೊಳವೆಯ ಅಳತೆಗೆ ತೂತು ಕೊರೆದು, ನಟ್ಟನ್ನು ಪ್ಲೈನ ಅಡಿಯಿಂದ ಬಡಿದು ಕೂರಿಸಿ, ಮೇಲಿಂದ ಅಗಲ ವಾಷರ್ ಹಾಕಿ ಬೋಲ್ಟ್ ಬಿಗಿಯುವುದು. ಎಷ್ಟು ಸಲ ಬಿಚ್ಚಿದರೂ ತೂತು ಅಗಲವಾಗದು. ಬೋಲ್ಟನ್ನು ಮೇಲಿಂದ ಒತ್ತಿ ತಿರುಗಿಸಿದರೆ ನಟ್ಟು ಕೆಳಗೆ ಕಳಚಿ ಬೀಳುತ್ತದೆ, ಅದಕ್ಕೇ ಹಲ್ಲುಗಳಿಗೆ ಎಪಾಕ್ಸಿ ಅಂಟು ಸವರಿ. ಬಳಸದ ದಿನ ತೂತಿಗೆ ತಲೆಯಿಲ್ಲದ ಸ್ಕ್ರೂ ತಿರುಗಿಸಿಡಿ. ಸ್ಟೇಜಿನಡಿ ನುಸುಳಲು ಜಾಗವಿಲ್ಲದಿದ್ದರೆ ಈ ಉಪಾಯ ನಡೆಯದು.

ಇಡೀ ನೆಲಕ್ಕೆ 12 ಮಿ.ಮೀ. ಪ್ಲೈ ಹಾಸಿ ಅದಕ್ಕೇ ಬೇಕಾದಷ್ಟು ಚುಚ್ಚುವುದೂ ಉಂಟು. 30x20 ಅಡಿಗೆ 8x4ರ 19 ಹಾಳೆ ಬೇಕು, ಒಂದೊಂದೂ 20 ಕಿಲೋ ಮೇಲೆ. ಒಂದು ಪ್ರದರ್ಶನದ ತಂಡಕ್ಕೆ ಇದು ಲಾರಿ ಬಾಡಿಗೆಯ ಶಿಕ್ಷೆ. ವಾರಗಟ್ಟಲೆ ಒಂದೇ ಸೆಟ್ ನಿಲ್ಲುವಲ್ಲಿ ಸರಿ.

ಗ್ರಾನೈಟ್ ಹಾಸಿದ ಸ್ಟೇಜಿನಲ್ಲಿ ಈ ಚರ್ಚೆಯೇ ಇಲ್ಲ. ಅಲ್ಲಿ ಚೀಲವೊಂದೇ, ಅದೂ ರಬ್ಬರಿನ ಸಮೇತ. ಬಾಗಿಲ ಚೌಕಟ್ಟಿಗೆ ಚೀಲ ಎರಡು ಪಟ್ಟು.