ಡೊಮಿಸೈಲ್ ಅರ್ಜಿಗೆ ಏಜೆಂಟರ ಮೊಬೈಲ್ ನಂಬರ್ ಹಾಕಿಸಬೇಡಿ

ಮುಂಬೈಯಲ್ಲಿ ಮಕ್ಕಳಿಗೆ ಡೊಮಿಸೈಲ್ (ಮಹಾರಾಷ್ಟ್ರದ ನಿವಾಸಿ ಎನ್ನುವ ಸರ್ಕಾರಿ ಪ್ರಮಾಣಪತ್ರ) ಮಾಡಿಸುತ್ತಿರುವ ನಮ್ಮ ಕನ್ನಡದವರು ದಯವಿಟ್ಟು ಓದಿ.

ನನ್ನ ಅಕ್ಕನ ಮನೆ ಭಾಂಡುಪ್‌ನಲ್ಲಿ. ಅವಳ ಮಗಳು ಓದಿದ್ದೆಲ್ಲ ಇಲ್ಲೇ. ಹುಟ್ಟಿದ್ದು ಮಾತ್ರ ಕುಂದಾಪುರದಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲೇ ಅಲ್ವಾ? ಹಾಗಾಗಿ ಇಂಜಿನಿಯರಿಂಗ್ ಸೀಟಿಗೆ ಡೊಮಿಸೈಲ್ ಬೇಕೇ ಬೇಕಿತ್ತು. ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಯವನು "ಎಲ್ಲ ಆನ್‌ಲೈನ್, ನಾನು ಮಾಡಿಸಿಕೊಡ್ತೀನಿ" ಅಂದ. ಸರ್ಕಾರಿ ಶುಲ್ಕಕ್ಕಿಂತ ಎಷ್ಟೋ ಜಾಸ್ತಿ ಹಣ ತೆಗೆದುಕೊಂಡ. ರಸೀದಿ ಕೊಡಲಿಲ್ಲ.

ಮಹಾರಾಷ್ಟ್ರ ಸರ್ಕಾರದ 'ಆಪ್ಲೆ ಸರ್ಕಾರ್' ಪೋರ್ಟಲ್‌ನಲ್ಲಿ ಅವನು ಖಾತೆ ತೆರೆದದ್ದು ತನ್ನದೇ ಮೊಬೈಲ್ ನಂಬರಿನಿಂದ. ಒಟಿಪಿ, ಮೆಸೇಜ್ ಎಲ್ಲ ಅವನಿಗೇ. ಊರಿನ ಜನನ ಪತ್ರದಲ್ಲಿ ಭಾವನ ಹೆಸರು ಇನಿಷಿಯಲ್ ಜೊತೆ ಇದೆ. ಇಲ್ಲಿಯ ಶಾಲೆಯ ದಾಖಲೆಯಲ್ಲಿ ಅಡ್ಡಹೆಸರೂ ಸೇರಿದೆ. ಇದಕ್ಕೆ ಅಫಿಡವಿಟ್ ಕೇಳಿ ಕಚೇರಿಯಿಂದ ಅರ್ಜಿ ವಾಪಸ್ ಬಂದಿತ್ತು. ಸಣ್ಣ ಕೆಲಸ, ಕೂಡಲೇ ಮಾಡಿಸಬಹುದಿತ್ತು. ಅವನು ಹೇಳಲೇ ಇಲ್ಲ. ಅಕ್ಕ ಕೇಳಿದಾಗಲೆಲ್ಲ "ಪ್ರೊಸೆಸ್‌ನಲ್ಲಿದೆ ತಾಯಿ" ಅಂದ. ಕೊನೆಗೆ ಭಾವ ತಹಸೀಲ್ದಾರ್ ಕಚೇರಿಗೆ ಹೋದಾಗ ನಿಜ ಗೊತ್ತಾಯಿತು. ಅಷ್ಟರಲ್ಲಿ ಮೊದಲ ಸುತ್ತಿನ ಪ್ರವೇಶ ಮುಗಿದಿತ್ತು. ಆ ಹುಡುಗಿ ಎರಡು ವರ್ಷ ನಿದ್ದೆಗೆಟ್ಟು ಓದಿದ್ದನ್ನು ಕಂಡಿದ್ದೇನೆ. ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ.

ಆನ್‌ಲೈನ್ ಬಂದದ್ದು ಒಳ್ಳೆಯದೇ. ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ಆದರೆ ಪೋರ್ಟಲ್ ಇರುವುದು ಮರಾಠಿ, ಇಂಗ್ಲಿಷಿನಲ್ಲಿ. ಓದಲು ತಡವರಿಸುವ ನಮ್ಮ ಹಿರಿಯರು ಇಂಥವರ ಕೈಗೆ ಬೀಳುತ್ತಾರೆ. ಅಂಥವರಿಗೆ ಪಕ್ಕದ ಮನೆಯ ಹುಡುಗರಾದರೂ ಕೂತು ತುಂಬಿಕೊಡಿ. ಸೇವಾ ಕೇಂದ್ರಕ್ಕೆ ಹೋದರೂ ನಿಮ್ಮದೇ ನಂಬರ್ ಹಾಕಿಸಿ. ಹೆಸರುಗಳನ್ನು ಮೊದಲೇ ತಾಳೆ ನೋಡಿ, ಊರಿನ ಕಾಗದ ಇದ್ದರಂತೂ ಖಂಡಿತ.

ಮಹಾರಾಷ್ಟ್ರದಲ್ಲಿ 2015ರಿಂದ ಸೇವಾ ಹಕ್ಕು ಕಾಯ್ದೆ ಇದೆ, ಅಂದರೆ ಸರ್ಕಾರಿ ಸೇವೆಯನ್ನು ನಿಗದಿತ ಅವಧಿಯೊಳಗೆ ಕೊಡಬೇಕು ಎನ್ನುವ ಕಾನೂನು. ಅರ್ಜಿ ಕೊಟ್ಟವರಿಗೆ ಅರ್ಜಿ ಸಂಖ್ಯೆ ಇರುವ ಸ್ವೀಕೃತಿ ಸಿಗಲೇಬೇಕು. ಆ ಸಂಖ್ಯೆ ಹಾಕಿದರೆ ಅರ್ಜಿ ಎಲ್ಲಿದೆ ಅಂತ ನೀವೇ ನೋಡಬಹುದು. ಕಾರಣವಿಲ್ಲದೆ ತಡ ಮಾಡಿದರೆ ಮೇಲ್ಮನವಿ ಹಾಕಬಹುದು. ಅಧಿಕಾರಿಗೆ 500ರಿಂದ 5,000 ರೂಪಾಯಿವರೆಗೆ ದಂಡವೂ ಇದೆ. ಆದರೆ ನಮ್ಮ ವಿಷಯದಲ್ಲಿ ತಡ ಮಾಡಿದ್ದು ಕಚೇರಿಯಲ್ಲ. ಹಾಗಾಗಿ ಆ ದಾರಿ ನಮಗೆ ಉಪಯೋಗಕ್ಕೆ ಬರಲಿಲ್ಲ.

ಈಗಾಗಲೇ ಏಜೆಂಟರಿಗೆ ಕಾಗದ ಕೊಟ್ಟಿದ್ದರೆ ಇವತ್ತೇ ಅರ್ಜಿ ಸಂಖ್ಯೆ ಕೇಳಿ ಪಡೆಯಿರಿ. ಕೊಡದೆ ಸತಾಯಿಸಿದರೆ ಕಾಯಬೇಡಿ, ನೇರ ತಹಸೀಲ್ದಾರ್ ಕಚೇರಿಗೆ ಹೋಗಿ ವಿಚಾರಿಸಿ.